ಹಳೇ ಔಷಧಕ್ಕೆ ಅಡ್ಡ ನಿಂತಿರುವ ಒಂದು ಷರತ್ತು: ಕೇಂದ್ರ ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ಹಳೇ ಔಷಧವನ್ನು ಹೊಸ ಕಾಯಿಲೆಗೆ ಬಳಸಲು ಅಡ್ಡಿಯಾಗಿರುವ, 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಾವಳಿಯಲ್ಲಿರುವ ಒಂದು ಷರತ್ತನ್ನು ತಿದ್ದಬೇಕೆಂದು ಕೋರಿ ಈ ಪತ್ರ. ಒಂದು ಉದಾಹರಣೆ ನೋಡಿ.

ಕಫ ಕರಗಿಸಲು ಕೊಡುವ ಅಂಬ್ರಾಕ್ಸಾಲ್ ಯಾವ ಮೆಡಿಕಲ್ ಶಾಪಿನಲ್ಲಾದರೂ ಸಿಗುತ್ತದೆ. ಜಿಬಿಎ1 ಜೀನಿನಲ್ಲಿ ದೋಷವಿದ್ದವರಿಗೆ ಕೈಕಾಲು ನಡುಗಿಸುವ ನರರೋಗ ಪಾರ್ಕಿನ್ಸನ್ ಬರುವ ಸಾಧ್ಯತೆ ಹೆಚ್ಚು. ಆ ಜೀನಿನಿಂದ ಬರುವ ಕಿಣ್ವ ಕುಂದಿದರೆ ಮಿದುಳಿನ ಕೋಶಗಳಲ್ಲಿ ಆಲ್ಫಾ ಸೈನ್ಯೂಕ್ಲೀನ್ ಎಂಬ ಪ್ರೋಟೀನು ಗಡ್ಡೆಗಟ್ಟುತ್ತದೆ. ಅಂಬ್ರಾಕ್ಸಾಲ್ ಈ ಕಿಣ್ವಕ್ಕೆ ಊರುಗೋಲಾಗಬಹುದು ಎಂಬ ನಿರೀಕ್ಷೆಯಲ್ಲಿ ಬ್ರಿಟನ್ನಿನಲ್ಲಿ 330 ಜನರ ಮೂರನೇ ಹಂತದ ಪ್ರಯೋಗ ಶುರುವಾಗಿದೆ.

ಸುದ್ದಿ ಓದಿ ಕೆಮ್ಮಿನ ಸಿರಪ್ ಕೊಳ್ಳುವವರಿದ್ದಾರೆ. ಇದು ಅಪಾಯ. ಲಂಡನ್ನಿನ ಮೊದಲ ಪ್ರಯೋಗದಲ್ಲಿ ಒಂದು ಹೊತ್ತಿಗೆ 60 ಮಿಲಿಗ್ರಾಂನಿಂದ ಆರಂಭಿಸಿ ಹಂತಹಂತವಾಗಿ 420ಕ್ಕೆ ಏರಿಸಿದ್ದರು. ಮೂರು ಹೊತ್ತಿಗೆ ಒಟ್ಟು 1260. ನಮ್ಮಲ್ಲಿನ ಸಾಮಾನ್ಯ ಮಾತ್ರೆ 30 ಮಿಲಿಗ್ರಾಂನದು, ಅಂದರೆ ದಿನಕ್ಕೆ 42 ಮಾತ್ರೆ. ನುಂಗಲು ಕಷ್ಟಪಡುವ ರೋಗಿ ಅದನ್ನು ಹೇಗೆ ತೆಗೆದುಕೊಳ್ಳಬೇಕು? ಸಿರಪ್ಪುಗಳಲ್ಲಂತೂ ಎಷ್ಟೋ ಬಾರಿ ಟರ್ಬ್ಯುಟಲಿನ್ ಬೆರೆತಿರುತ್ತದೆ. ಅದು ಕೈನಡುಕವನ್ನು ಹೆಚ್ಚಿಸುವ ಔಷಧ!

ಹಾಗೆಂದು ಅಂಬ್ರಾಕ್ಸಾಲ್ ಗೆದ್ದಿದೆ ಎಂದು ನಾವು ಹೇಳುತ್ತಿಲ್ಲ. ಪಾರ್ಕಿನ್ಸನ್ ಜೊತೆ ಮರೆವಿನ ಕಾಯಿಲೆಯೂ ಇದ್ದ 55 ಜನರ ಮೇಲೆ ಕೆನಡಾದಲ್ಲಿ ನಡೆದ ಪ್ರಯೋಗದಲ್ಲಿ ಮುಖ್ಯ ಅಳತೆಗಳಲ್ಲಿ ಲಾಭ ಕಾಣಲಿಲ್ಲ. ಸಕ್ಕರೆ ಕಾಯಿಲೆಯ ಔಷಧ ಎಕ್ಸೆನಟೈಡ್ ಪಾರ್ಕಿನ್ಸನ್ ರೋಗಿಗಳ ಮೇಲಿನ 2017ರ ಸಣ್ಣ ಪ್ರಯೋಗದಲ್ಲಿ ಆಸೆ ಹುಟ್ಟಿಸಿ, 194 ಜನರ ಮೇಲೆ 96 ವಾರ ನಡೆದ ಪ್ರಯೋಗದಲ್ಲಿ ಸೋತಿತು. ಫ್ಲೂ ಔಷಧ ಅಮಾಂಟಡೀನ್ 1969ರಿಂದ ಪಾರ್ಕಿನ್ಸನ್‌ಗೆ ಒದಗಿದಂಥ ಅದೃಷ್ಟ ಅಪರೂಪ. ಅದಕ್ಕೇ ದೊಡ್ಡ, ದೀರ್ಘ ಪ್ರಯೋಗ ಬೇಕು.

ಅಂಥದ್ದನ್ನು ನಿಮ್ಹಾನ್ಸ್‌ನಂಥ ಸಂಸ್ಥೆ ನೈತಿಕ ಸಮಿತಿಯ ಒಪ್ಪಿಗೆ ಪಡೆದು ನಡೆಸಬಹುದು. 28ನೇ ನಿಯಮ ಅದಕ್ಕೆ ದಾರಿ ಬಿಟ್ಟಿದೆ. ಆದರೆ 'ಅಕಡೆಮಿಕ್ ಟ್ರಯಲ್' ಎನಿಸಿಕೊಳ್ಳಬೇಕಾದರೆ ಅದರ ಫಲಿತಾಂಶವನ್ನು ಮಂಜೂರಾತಿಗಾಗಿ ಔಷಧ ನಿಯಂತ್ರಕರ ಮುಂದಿಡುವ ಉದ್ದೇಶವೇ ಇರಕೂಡದು. ಔಷಧ ಫಲ ಕೊಟ್ಟರೂ ಅದರ ಲೇಬಲ್ಲಿನಲ್ಲಿ ಹೊಸ ಬಳಕೆ ಸೇರುವುದಿಲ್ಲ. ಕಂಪನಿ ಅರ್ಜಿ ಹಾಕಬಹುದಲ್ಲ ಎನ್ನಬಹುದು. ಪೇಟೆಂಟ್ ಮುಗಿದ, ಕೆಲವೇ ರೂಪಾಯಿಯ ಮಾತ್ರೆಗೆ ಕೋಟಿಗಟ್ಟಲೆ ಖರ್ಚು ಮಾಡುವವರು ಯಾರು?

ಇಂಗ್ಲೆಂಡಿನಲ್ಲಿ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್, ಹಳೇ ಔಷಧಗಳಿಗೆ ಹೊಸ ಬಳಕೆ ಹುಡುಕಲು ನಡೆಸುವ ಕಾರ್ಯಕ್ರಮದ ಮೂಲಕ, ಬಹುಕಾಲದಿಂದ ಪೇಟೆಂಟ್ ಇಲ್ಲದ ಅನಾಸ್ಟ್ರೊಜೋಲ್‌ಗೆ 2023ರ ನವೆಂಬರ್‌ನಲ್ಲಿ ಸ್ತನ ಕ್ಯಾನ್ಸರ್ ತಡೆಯುವ ಹೊಸ ಬಳಕೆಗೆ ಪರವಾನಗಿ ದೊರೆಯಿತು. ಆಗದ ಕೆಲಸವೇನಲ್ಲ.

ಕ್ಲಿನಿಕಲ್ ಪ್ರಯೋಗಗಳ ರಾಷ್ಟ್ರೀಯ ನೋಂದಣಿಯಾದ ಸಿಟಿಆರ್‌ಐನಲ್ಲಿ ಮೊದಲೇ ನೋಂದಾಯಿಸಿ, ಉತ್ತಮ ಪ್ರಯೋಗ ಪದ್ಧತಿಯ ಜಿಸಿಪಿ ಮಾನದಂಡದಂತೆ ನಡೆದು, ದತ್ತಾಂಶವನ್ನು ತಪಾಸಣೆಗೆ ತೆರೆದಿಡುವ ಅಕಡೆಮಿಕ್ ಪ್ರಯೋಗಗಳ ಫಲಿತಾಂಶವನ್ನು ಹೊಸ ಬಳಕೆಯ ಅರ್ಜಿಗೆ ಸ್ವೀಕರಿಸುವಂತೆ ನಿಯಮ ತಿದ್ದಿ. ಆ ಅರ್ಜಿ ಹಾಕುವ ಅಧಿಕಾರವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಗೂ (ಐಸಿಎಂಆರ್) ಕೊಡಿ. ಜೊತೆಗೆ, ಪ್ರಯೋಗಕ್ಕೆಂದೇ 420 ಮಿಲಿಗ್ರಾಂನ ಮಾತ್ರೆಯನ್ನೂ ಹೋಲಿಕೆಗಾಗಿ ನೋಟಕ್ಕೆ ಹಾಗೇ ಇರುವ ಔಷಧವಿಲ್ಲದ ಮಾತ್ರೆಯನ್ನೂ ತಯಾರಿಸಿಕೊಡಲು ಟೆಂಡರ್ ಕರೆಯಿರಿ.

ಇಂತಿ,
ನರರೋಗ ಮತ್ತು ಔಷಧ ವಿಜ್ಞಾನ ಕ್ಷೇತ್ರದ ಕೆಲವರು