ಇಂಧನ ಸಚಿವರಿಗೆ ತುಮಕೂರಿನಿಂದ: ಉಳಿಸಿದ ಯೂನಿಟ್ ಲೆಕ್ಕಕ್ಕೆ ಬರಲಿ

ಮಾನ್ಯ ಇಂಧನ ಸಚಿವರಿಗೆ ನಮಸ್ಕಾರ.

2023ರ ಆಗಸ್ಟ್ ಬಿಲ್‌ನಿಂದ ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆ ಶುರುವಾದಾಗ ನಮ್ಮ ಬೀದಿಯ ತುಂಬ ಮನೆಗಳಿಗೆ ಉಸಿರು ಬಂದಂತಾಯಿತು. ಬಾಡಿಗೆ, ಮಕ್ಕಳ ಫೀಸು ಎಲ್ಲ ಕಟ್ಟಿ ಉಳಿದಿದ್ದರಲ್ಲಿ ಕರೆಂಟ್ ಬಿಲ್ ಕಟ್ಟುತ್ತಿದ್ದವರು ನಾವು. ಈ ಯೋಜನೆ ಮುಂದುವರಿಯಲೇಬೇಕು. ಅದರ ಲೆಕ್ಕದ ಬಗ್ಗೆ ಮಾತ್ರ ಒಂದು ಮಾತಿದೆ.

2022-23ರಲ್ಲಿ ಒಂದು ಮನೆ ತಿಂಗಳಿಗೆ ಸರಾಸರಿ ಬಳಸಿದ್ದಕ್ಕೆ ಶೇ 10 ಸೇರಿಸಿ, 200 ಯೂನಿಟ್ ಮೀರದಂತೆ ಉಚಿತದ ಮಿತಿ ಹಾಕಿದಿರಿ. ಆ ವರ್ಷ ತೆಂಗಿನ ಮಟ್ಟೆ, ಕರಟ ಉರಿಸಿ ಹಂಡೆಯಲ್ಲಿ ನೀರು ಕಾಯಿಸಿಕೊಂಡು 60 ಯೂನಿಟ್‌ನಲ್ಲಿ ತಿಂಗಳು ಮುಗಿಸಿದ ಮನೆಗೆ ಸಿಕ್ಕಿದ್ದು 66. ಗೀಸರ್ ಹಾಕಿ 170 ಬಳಸಿದ ಮನೆಗೆ 187. ಹಿಡಿದು ಬಳಸಿದವರಿಗೇ ಕಡಿಮೆ ಸಿಕ್ಕಿತು, ಅಲ್ವಾ? ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದವರಿಗೆ ಆಮೇಲೆ ಶೇ 10ರ ಬದಲು 10 ಯೂನಿಟ್ ಕೊಟ್ಟಿರಿ. ಅದು ಒಳ್ಳೆಯದೇ ಆಯಿತು. ಉಳಿದವರು ಹಳೆಯ ಸರಾಸರಿಯಲ್ಲೇ ಇದ್ದಾರೆ.

ಮನೆಗಳು ಹಾಗೇ ಇಲ್ಲ. ಸಿಲಿಂಡರ್ ಬರುವುದು ತಡವಾದರೆ ಇಂಡಕ್ಷನ್ ಒಲೆ. ಹೊರಗೆ ಎಲೆಕ್ಟ್ರಿಕ್ ಸ್ಕೂಟರ್ ಚಾರ್ಜ್‌ಗೆ ನಿಂತಿರುತ್ತದೆ. ಕರೆಂಟ್ ಬಗ್ಗೆ ಜನರ ಮನಸ್ಸೂ ಬದಲಾಗಿದೆ. ಮಿತಿಯೊಳಗೆ ಆರಾಮಾಗಿರುವವರು 'ಹೇಗೂ ಜೀರೋ ಬಿಲ್' ಅಂತ ಸುಮ್ನೆ ಫ್ಯಾನ್ ತಿರುಗಲು ಬಿಡುತ್ತಾರೆ. 200ರ ಹತ್ತಿರ ಇರುವವರು ತಿಂಗಳ ಕೊನೆಗೆ ಮೀಟರ್ ಮುಂದೆ ಹೋಗಿ ನಿಲ್ಲುತ್ತಾರೆ. ಒಂದು ಯೂನಿಟ್ ದಾಟಿದರೂ ಪೂರ್ತಿ ಬಿಲ್ ಕಟ್ಟಬೇಕಲ್ಲ.

ಇನ್ನು ಉಳಿಸುವವರ ವಿಷಯ. 187 ಮಿತಿಯ ಮನೆ 120ರಲ್ಲಿ ಮುಗಿಸಿದರೆ ಉಳಿದ 67 ಯೂನಿಟ್‌ಗೆ ಆ ಮನೆಯವರಿಗೆ ಏನೂ ಸಿಗುವುದಿಲ್ಲ. ಉಚಿತ ಕರೆಂಟಿನ ದುಡ್ಡನ್ನು ವಿದ್ಯುತ್ ಕಂಪನಿಗಳಿಗೆ ತುಂಬುವುದು ಸರ್ಕಾರ. ಹಾಗಾಗಿ ಆ 67 ಯೂನಿಟ್‌ನ ಹಣ ಉಳಿಯುವುದು ನಿಮ್ಮ ಖಜಾನೆಗೆ. ಅದರಲ್ಲಿ ಒಂದು ಪಾಲು ಉಳಿಸಿದವರಿಗೆ ಬರಲಿ ಅನ್ನುವುದೇ ನನ್ನ ಬೇಡಿಕೆ.

ಸ್ವಂತ ಮನೆಯವರಿಗೆ ಅದನ್ನು ತಾರಸಿ ಮೇಲಿನ ಸೋಲಾರ್‌ಗೆ ಜಮಾ ಮಾಡಿ. ಕೇಂದ್ರದ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವ್ಯಾಟ್‌ಗೆ 30,000, 2 ಕಿಲೋವ್ಯಾಟ್‌ಗೆ 60,000 ರೂಪಾಯಿ ಸಬ್ಸಿಡಿ ಇದೆ. ಒಳ್ಳೆ ಬಿಸಿಲಿದ್ದರೆ 1 ಕಿಲೋವ್ಯಾಟ್‌ನಿಂದ ದಿನಕ್ಕೆ ಸುಮಾರು 4 ಯೂನಿಟ್ ಬರುತ್ತದೆ. ಆದರೂ ಬಿಲ್ಲೇ ಬರದ ಮನೆಯವರು ಸಬ್ಸಿಡಿ ಕಳೆದು ಉಳಿದ ದುಡ್ಡನ್ನು ಕೈಯಿಂದ ಯಾಕೆ ಹಾಕುತ್ತಾರೆ? ಉಳಿಸಿದ ಯೂನಿಟ್‌ನ ಹಣ ಆ ಖರ್ಚಿಗೆ ಹೋದರೆ ಮನಸ್ಸು ಮಾಡುತ್ತಾರೆ. ಮುಂದೆ ಸರ್ಕಾರಕ್ಕೂ ಆ ಮನೆಯ ಹೊರೆ ತಗ್ಗುತ್ತದೆ. ಬಾಡಿಗೆಯವರಿಗೆ ತಾರಸಿ ತಮ್ಮದಲ್ಲ. ಅವರು ಚಳಿಗಾಲದಲ್ಲಿ ಉಳಿಸಿದ ಯೂನಿಟ್ಟನ್ನು ಏಪ್ರಿಲ್, ಮೇ ತಿಂಗಳಿಗೆ ಬಳಸಲು ಬಿಡಿ. ಅವರನ್ನು ದಯವಿಟ್ಟು ಮರೆಯಬೇಡಿ.

ನಮ್ಮ ಜಿಲ್ಲೆಗೆ ಸೋಲಾರ್ ಹೊಸದೇನಲ್ಲ. ಪಾವಗಡದ ತಿರುಮಣಿ, ವಳ್ಳೂರು ಕಡೆಯ ರೈತರು ಸುಮಾರು 13,000 ಎಕರೆಯನ್ನು ಗುತ್ತಿಗೆಗೆ ಕೊಟ್ಟಿದ್ದರಿಂದ 2,050 ಮೆಗಾವ್ಯಾಟ್‌ನ ಪಾರ್ಕ್ ಎದ್ದು ನಿಂತಿದೆ. ನಾನು ಹೇಳಿದ ಲೆಕ್ಕವನ್ನು ಇಡೀ ರಾಜ್ಯಕ್ಕೆ ಒಮ್ಮೆಲೇ ತರುವುದು ಕಷ್ಟ ಅನ್ನಿಸಿದರೆ ಪಾವಗಡ ತಾಲ್ಲೂಕಿನಲ್ಲಿ ಒಂದು ವರ್ಷ ಮಾಡಿ ನೋಡಿ. ಎಷ್ಟು ಯೂನಿಟ್ ಉಳಿಯಿತು, ಎಷ್ಟು ತಾರಸಿಗೆ ಪ್ಯಾನಲ್ ಬಂತು ಎಂದು ಜನರ ಮುಂದೆ ಇಡಿ.

ಇಂತಿ,
ತುಮಕೂರಿನ ಒಬ್ಬ ಗೃಹಜ್ಯೋತಿ ಫಲಾನುಭವಿ