ಫ್ರೀ ಇದ್ದರೂ ದುಡ್ಡು ಕೊಟ್ಟವನು

ಸಂಪಾದಕರಿಗೆ ನಮಸ್ಕಾರ,

ಜುಲೈ 30ರ ಮಾನವ ಕಳ್ಳಸಾಗಣೆ ವಿರೋಧಿ ದಿನದ ಫೋಟೊ ನಿಮ್ಮ ಪತ್ರಿಕೆಯಲ್ಲಿ ನೋಡಿದೆ. ವೇದಿಕೆ, ದೀಪ, ಶಾಲು ಎಲ್ಲ ಇತ್ತು. ಜನಸಾಮಾನ್ಯರೂ ಹೋರಾಟಗಾರರಾಗಬೇಕು ಅಂತ ಯಾರೋ ಭಾಷಣ ಮಾಡಿದ್ದರು. ಆಗಲಿ, ಬೇಡ ಅಂದವರು ಯಾರು? ಆದರೆ ಹೇಗೆ ಆಗುತ್ತಾರೆ ಅನ್ನೋದು ಆ ಸುದ್ದಿಯಲ್ಲಿ ಇರಲಿಲ್ಲ. ನನಗೆ ಗೊತ್ತಿರೋದನ್ನು ಬರೆಯುತ್ತೇನೆ.

ನಾನು ಗದಗ–ಹುಬ್ಬಳ್ಳಿ ರೂಟಿನ ಕಂಡಕ್ಟರ್. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತಲ್ಲ, ಅವತ್ತಿನಿಂದ ಹೆಣ್ಣುಮಕ್ಕಳು ಆಧಾರ್ ತೋರಿಸುತ್ತಾರೆ, ನಾನು ಶೂನ್ಯ ಟಿಕೆಟ್ ಹರಿದು ಕೊಡುತ್ತೇನೆ. ಕಾರ್ಡು ಮರೆತು ಬಂದು ಜಗಳ ಆಡದವರಿಲ್ಲ, ಊರಿಗೆ ಫೋನ್ ಹಚ್ಚಿ ಫೋಟೊ ತರಿಸಿಕೊಂಡು ನನ್ನ ಮುಖಕ್ಕೆ ಹಿಡಿದವರನ್ನೂ ನೋಡಿದ್ದೇನೆ. ಫ್ರೀ ಇರೋದನ್ನು ಬಿಟ್ಟು ಸುಮ್ನೆ ದುಡ್ಡು ಕೊಡುವವರು ನಮ್ಮ ಕಡೆ ಯಾರಿದ್ದಾರೆ ಹೇಳಿ. ಹೋದ ವರ್ಷ ಒಂದು ರಾತ್ರಿ ಕಡೇ ಬಸ್ಸಿನಲ್ಲಿ ಒಬ್ಬ ಕೊಟ್ಟ. ಜೊತೆಗೆ ಇಬ್ಬರು ಹುಡುಗಿಯರು, ಹದಿಮೂರು ಹದಿನಾಲ್ಕು ಇರಬಹುದು. ಆಧಾರ್ ಕೇಳೋದರೊಳಗೇ ಮೂರು ಟಿಕೆಟ್ಟಿನ ದುಡ್ಡು ಕೈಗೆ ತುರುಕಿದ. ಚಿಲ್ಲರೆಯನ್ನೂ ಕೇಳಲಿಲ್ಲ.

"ಯಾರ ಮಕ್ಕಳ್ರೀ?" ಅಂದೆ. ಇಬ್ಬರೂ ಅಕ್ಕನ ಮಕ್ಕಳು ಅಂದ. ಸರಿ ಅಂತ ಮುಂದೆ ಹೋದವನು ವಾಪಸ್ ಬಂದೆ, ಯಾಕೆ ಬಂದೆನೋ ಗೊತ್ತಿಲ್ಲ. ಕಿಟಕಿ ಪಕ್ಕದವಳನ್ನು, "ಇವರು ನಿನಗ ಏನಾಗಬೇಕವಾ?" ಅಂತ ಕೇಳಿದೆ. ಮಾಮಾ ಅಂದಳು. ಇನ್ನೊಬ್ಬಳು ಅವನ ಮುಖ ನೋಡಿ ಕಾಕಾ ಅಂದಳು. ಕಾಕಾ ಅಂದರೆ ಅಪ್ಪನ ತಮ್ಮ, ಅಕ್ಕನ ಮಗಳಿಗೆ ಇವನು ಕಾಕಾ ಹೇಗಾಗುತ್ತಾನೆ? ಹಳ್ಳಿಯಲ್ಲಿ ಬೆಳೆದ ಯಾವ ಮಗುವೂ ಇದನ್ನು ತಪ್ಪುವುದಿಲ್ಲ.

ನನಗೆ ಧೈರ್ಯ ಬಂತು ಅಂತ ಬರೆದರೆ ಸುಳ್ಳಾಗುತ್ತದೆ. ಡ್ರೈವರ್ ಹತ್ರ ಹೋಗಿ ಮೆಲ್ಲಗೆ ಹೇಳಿದೆ. ಗಾಡಿ ನಿಂತದ್ದಕ್ಕೆ ಪ್ಯಾಸೆಂಜರುಗಳು ಲೇಟಾಯ್ತು ಅಂತ ಕೂಗಾಡಲು ಶುರು ಮಾಡಿದರು. ಆಗ ಅಣ್ಣಿಗೇರಿಯಲ್ಲಿ ಹತ್ತಿದ್ದ ಒಬ್ಬ ವಯಸ್ಸಾದ ತಾಯಿ ತಮ್ಮ ಚೀಲ ಎತ್ತಿಕೊಂಡು ಹೋಗಿ, ಅವನನ್ನು ಸರಿಸಿ, ಆ ಹುಡುಗಿಯರ ನಡುವೆ ಕೂತುಬಿಟ್ಟರು. "ಗಾಡಿ ಠಾಣೆಗೆ ಹೊಡೀರಿ, ನಾ ಕುಂತೀನಿ ಇಲ್ಲೇ" ಅಂದರು. ಕೂಗಾಡುವವರು ಸುಮ್ಮನಾದರು. ಅವತ್ತು ನಡೆದದ್ದರಲ್ಲಿ ಮುಕ್ಕಾಲು ಪಾಲು ಆ ತಾಯಿಯದ್ದು ಅಂತ ನನ್ನ ಲೆಕ್ಕ.

ಠಾಣೆಯ ಹೆಸರು ಬೇಡ. ಅಲ್ಲಿ ಮೊದಲು ಕೇಳಿದ ಮಾತು, "ಹುಡುಗಿಯರೇ ಒಪ್ಪಿ ಬಂದಾರಲ್ಲ?" ಎರಡನೇ ಮಾತು, "ನಮ್ಮ ಹದ್ದಿಗೆ ಬರಲ್ಲ, ಅವರ ಊರಿನ ಠಾಣೆಗೆ ಹೋಗಿ." ನನಗೆ ಅವತ್ತು ಏನೂ ಗೊತ್ತಿರಲಿಲ್ಲ, ಆಮೇಲೆ ಒಬ್ಬ ವಕೀಲರು ಹೇಳಿದರು. ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಂ ಪ್ರಕಾರ ಕಳ್ಳಸಾಗಣೆಯಲ್ಲಿ ಸಾಗಿಸಲ್ಪಟ್ಟವರ ಒಪ್ಪಿಗೆ ಲೆಕ್ಕಕ್ಕೇ ಬರುವುದಿಲ್ಲ. ಮಗುವನ್ನು ಸಾಗಿಸಿದರೆ ಕನಿಷ್ಠ 10 ವರ್ಷ ಜೈಲು. ಹದ್ದಿನ ಮಾತೂ ನಿಲ್ಲುವುದಿಲ್ಲ. ಯಾವ ಠಾಣೆಯಲ್ಲಾದರೂ ಝೀರೋ ಎಫ್‌ಐಆರ್ ಬರೆದುಕೊಳ್ಳಬೇಕು. ನಾವು ಮೂರು ತಾಸು ಬೆಂಚಿನ ಮೇಲೆ ಕೂತೆವು. ಕೊನೆಗೆ ಆ ತಾಯಿಯ ಮೊಮ್ಮಗ ಫೋನಿನಲ್ಲಿ 1098ಕ್ಕೆ ಹಚ್ಚು ಅಂದ, ಹಚ್ಚಿದೆ. ಮಕ್ಕಳ ಸಹಾಯವಾಣಿಯವರು ಬಂದ ಮೇಲೆ ಠಾಣೆಯ ಧ್ವನಿಯೇ ಬದಲಾಯಿತು. ಮರುದಿನ ಹುಡುಗಿಯರನ್ನು ಮಕ್ಕಳ ಕಲ್ಯಾಣ ಸಮಿತಿ ಮುಂದೆ ಕರೆದೊಯ್ದರು. ಗೋವಾದಲ್ಲಿ ಹೋಟೆಲ್ ಕೆಲಸ ಅಂತ ಹೇಳಿ, ಮನೆಯಲ್ಲಿ ಐದು ಸಾವಿರ ಮುಂಗಡ ಕೊಟ್ಟು ಕರೆತಂದಿದ್ದನಂತೆ. ಮುಂಗಡ ತೆಗೆದುಕೊಂಡ ತಂದೆಯನ್ನು ಬೈಯುವುದು ಸುಲಭ. ಮಳೆ ಕೈಕೊಟ್ಟ ವರ್ಷ ಮುಂಡರಗಿ, ರೋಣ, ಗಜೇಂದ್ರಗಡದ ಕಡೆಯಿಂದ ಗುಳೆ ಹೋಗುವವರ ಗಂಟುಮೂಟೆ ನಾನು ನೋಡುತ್ತಲೇ ಇರುತ್ತೇನೆ, ನನಗೆ ಬೈಯಲು ಬಾಯಿ ಬರುವುದಿಲ್ಲ.

ಅಲ್ಲಿಂದ ಶುರುವಾಯಿತು ನೋಡಿ. ಬೇರೆ ರೂಟಿನ ಕಂಡಕ್ಟರುಗಳು ಫೋನ್ ಮಾಡಿ, "ಇಂಥಾ ಒಬ್ಬ ಕೂತಿದ್ದಾನೆ, ಏನ್ ಮಾಡ್ಲಿ" ಅಂತಾರೆ. ಸ್ಟ್ಯಾಂಡಿನ ಆಟೋದವರು, ಚಹಾ ಅಂಗಡಿಯವರು ಕೇಳುತ್ತಾರೆ. ಆ ತಾಯಿ ತಮ್ಮ ಸಂಘದ ಹೆಣ್ಣುಮಕ್ಕಳಿಗೆಲ್ಲ ಹೇಳಿದ್ದಾರೆ, ಮುಂಗಡ ಹಿಡಿದು ಯಾರಾದರೂ ಊರಿಗೆ ಕಾಲಿಟ್ಟರೆ ಇಪ್ಪತ್ತು ಜನ ಕೂಡಿ ವಿಚಾರಿಸುತ್ತಾರಂತೆ. ಮನೆಯಲ್ಲಿ ಮಾತ್ರ "ನಿಮಗ್ಯಾಕ್ರೀ ಊರ ಉಸಾಬರಿ" ಅನ್ನೋದು ನಿಂತಿಲ್ಲ. ಹೀಗೆ ಸಾಗಿಸಲ್ಪಟ್ಟ ಹೆಣ್ಣುಮಕ್ಕಳನ್ನು ಬಿಡಿಸುವ ಮೈಸೂರಿನ ಒಡನಾಡಿ ಸಂಸ್ಥೆ ಕಟ್ಟಿದ ಸ್ಟ್ಯಾನ್ಲಿ ಮತ್ತು ಪರಶುರಾಮ್ ಮೊದಲು ಪತ್ರಕರ್ತರಾಗಿದ್ದವರು. ನಿಮ್ಮ ಕಸುಬಿನವರೇ, ಸಂಪಾದಕರೇ. ಸುದ್ದಿ ಬರೆಯುವವರು ಬರೆದು ಸುಮ್ಮನಿರಲು ಆಗದೆ ಈ ಕೆಲಸಕ್ಕೆ ಇಳಿದದ್ದು.

ತಪ್ಪೂ ಮಾಡಿದ್ದೇನೆ. ಒಮ್ಮೆ ಮಗಳನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ ನಿಜವಾದ ತಂದೆಯನ್ನೇ ಕೆದಕಿ ಕೆದಕಿ ಕೇಳಿದೆ. ಆತ ಎಲ್ಲರೆದುರು ಕಣ್ಣೀರು ಹಾಕಿಬಿಟ್ಟರು. ಕ್ಷಮೆ ಕೇಳಿದೆ, ಆದರೂ ಆ ಮುಖ ಮರೆಯಲು ಆಗಿಲ್ಲ. 2018ರಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರು ಅನ್ನೋ ವಾಟ್ಸಾಪ್ ಗಾಳಿಸುದ್ದಿ ನಂಬಿ ಜನ ಒಬ್ಬ ಅಮಾಯಕ ಎಂಜಿನಿಯರ್ ಅನ್ನು ಹೊಡೆದು ಕೊಂದರಲ್ಲ, ಅವರೂ ಮಕ್ಕಳನ್ನು ಕಾಪಾಡುತ್ತಿದ್ದೇವೆ ಅಂತಲೇ ಅಂದುಕೊಂಡಿದ್ದರು. ಅದಕ್ಕೇ ನಾನು ಹುಡುಗರಿಗೆ ಹೇಳೋದು, ಕೇಳಿ, ಫೋನ್ ಮಾಡಿ, ಪಕ್ಕದಲ್ಲಿ ಕೂತಿರಿ, ಕೈ ಮಾತ್ರ ಎತ್ತಬೇಡಿ, ವಿಡಿಯೋ ಮಾಡಿ ಹುಡುಗಿಯರ ಮುಖ ಹಂಚಬೇಡಿ.

2015ರ ಬಾಲನ್ಯಾಯ ಕಾಯ್ದೆಯಲ್ಲಿ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿ ಮುಂದೆ ತರಬಹುದಾದವರ ಪಟ್ಟಿ ಇದೆ. ಪೊಲೀಸರ ಜೊತೆಗೆ ಕಾಳಜಿ ಇರುವ ಯಾವ ನಾಗರಿಕನಾದರೂ ತರಬಹುದು. ಕಾನೂನು ಬಾಗಿಲು ತೆರೆದಿದೆ, ಬಾಗಿಲಲ್ಲಿ ನಿಂತವರು ಮೂರು ತಾಸು ಕೂರಿಸುತ್ತಾರೆ. ಹೀಗೆ ಒಂದು ಸಲ ಬೆಂಚು ಕಾದವನು ಎರಡನೇ ಸಲ ಮುಖ ತಿರುಗಿಸಿಕೊಂಡು ಹೋದರೆ ತಪ್ಪು ಅವನದ್ದು ಮಾತ್ರವಾ? ಗ್ರಾಮ ಪಂಚಾಯ್ತಿಗೊಂದು ಕಾವಲು ಸಮಿತಿ ಇರಬೇಕು ಅಂತಾರೆ. ನಮ್ಮೂರಿನದ್ದರಲ್ಲಿ ಯಾರ್‍ಯಾರಿದ್ದಾರೆ ಅಂತ ಕೇಳಿದೆ, ಕಚೇರಿಯಲ್ಲಿ ಇದ್ದವರಿಗೇ ಗೊತ್ತಿರಲಿಲ್ಲ.

ನಿಮ್ಮಲ್ಲಿ ಕೇಳೋದು ಇಷ್ಟೇ. ಶಾಲಿನ ಫೋಟೊ ಹಾಕಿ, ಬೇಡ ಅನ್ನಲ್ಲ. ಅದರ ಜೊತೆ ವಾರಕ್ಕೊಮ್ಮೆ ಒಂದು ಮೂಲೆಯಲ್ಲಿ 1098, ತುರ್ತು ಕರೆಯ 112 ಇವೆರಡು ನಂಬರ್ ದೊಡ್ಡದಾಗಿ ಹಾಕಿ, ದೂರು ಕೊಟ್ಟವರನ್ನು ಅಲೆದಾಡಿಸಿದರೆ ಅದನ್ನೂ ಸುದ್ದಿ ಮಾಡಿ. ನನ್ನ ಹೆಸರು ಬೇಡ. ಕೇಸ್ ಇನ್ನೂ ನಡೆಯುತ್ತಿದೆ, ಸಾಕ್ಷಿ ಹೇಳಲು ಮೂರು ಸಲ ಹೋದೆ, ಮೂರೂ ಸಲ ಮುಂದಕ್ಕೆ ಹೋಯಿತು. ನಾಲ್ಕನೇ ಸಲದ ತಾರೀಕಿಗೆ ಆ ತಾಯಿಯೂ ಬರುತ್ತಾರಂತೆ, ನಾನು ರಜೆ ಚೀಟಿ ಬರೆದು ಕೊಟ್ಟಿದ್ದೇನೆ.

— ಒಬ್ಬ ಕಂಡಕ್ಟರ್, ಗದಗ