ಪ್ರೊಸೆಸರ್ ಬದಲಿಸಿದಿರಿ, ಬಿಸಿಯ ಲೆಕ್ಕ ಬಿಟ್ಟಿರಿ

ಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ವಿಷಯ: ಹಳೇ ಡೆಸ್ಕ್‌ಟಾಪ್‌ಗೆ ನೀವು ಹಾಕಿಕೊಟ್ಟ ಐ7-2600 ಪ್ರೊಸೆಸರ್ ವಿಪರೀತ ಬಿಸಿಯಾಗುತ್ತಿರುವ ಬಗ್ಗೆ

ಮಾನ್ಯರೇ,

ನಮ್ಮ ಡೆಸ್ಕ್‌ಟಾಪ್‌ನಲ್ಲಿ ಇಂಟೆಲ್ ಐ3-2100 ಇತ್ತು. ಅದನ್ನು ತೆಗೆದು ಐ7-2600 ಹಾಕುವ ಕೆಲಸವನ್ನು ನಿಮ್ಮ ಕಂಪನಿಗೆ ಒಪ್ಪಿಸಿದ್ದೆವು. ಪ್ರೊಸೆಸರ್, ಜೋಡಣೆ, ಪರೀಕ್ಷೆ ಮೂರೂ ಸೇರಿದ ಸೇವೆ ಎಂದು ನಿಮ್ಮ ಬಿಲ್‌ನಲ್ಲೇ ಬರೆದಿದೆ. ಆದರೆ ಮೆಷಿನ್ ಮನೆಗೆ ಬಂದಾಗಿನಿಂದ ನೆಟ್ಟಗೆ ಕೆಲಸ ಮಾಡಿಲ್ಲ. ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಈಗ ಬರೆದು ಕೊಡುತ್ತಿದ್ದೇನೆ.

ಯಾವ ಕೆಲಸವೂ ಇಲ್ಲದೆ ಸುಮ್ನೆ ಆನ್ ಮಾಡಿಟ್ಟರೂ ಪ್ರೊಸೆಸರ್ 60 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ನಮ್ಮಕ್ಕ ಮಕ್ಕಳಿಗೆ ಗಣಿತದ ಪಾಠಗಳ ವಿಡಿಯೊ ಮಾಡುತ್ತಾರೆ. ಈ ಅಪ್‌ಗ್ರೇಡ್ ಮಾಡಿಸಿದ್ದೇ ಅವರ ಕೆಲಸ ಬೇಗ ಆಗಲಿ ಅಂತ. ಎಡಿಟ್ ಮುಗಿಸಿ ರೆಂಡರ್‌ಗೆ, ಅಂದರೆ ಪೂರ್ತಿ ವಿಡಿಯೊ ಫೈಲ್ ತಯಾರಾಗಲು, ಹಾಕಿದ ತಕ್ಷಣ ಫ್ಯಾನ್ ಜೋರಾಗಿ ಕೂಗಲು ಶುರು ಮಾಡುತ್ತದೆ. ನೋಡನೋಡುತ್ತಿದ್ದಂತೆ ಕೋರ್‌ಗಳು, ಅಂದರೆ ಪ್ರೊಸೆಸರ್ ಒಳಗೆ ಕೆಲಸ ಮಾಡುವ ಘಟಕಗಳು, 98 ಡಿಗ್ರಿ ಮುಟ್ಟುತ್ತವೆ. 3.4 ಗಿಗಾಹರ್ಟ್ಸ್‌ನಲ್ಲಿ ಓಡಬೇಕಾದ ಪ್ರೊಸೆಸರ್ 1.6ಕ್ಕೆ ಕುಸಿಯುತ್ತದೆ. ಸ್ವಲ್ಪ ತಣ್ಣಗಾದರೆ ಏರುತ್ತದೆ, ಮರುಕ್ಷಣ ಮತ್ತೆ ಬೀಳುತ್ತದೆ. ಕೆಲವು ಸಲ ರೆಂಡರ್ ಅರ್ಧದಲ್ಲಿರುವಾಗಲೇ ಮೆಷಿನ್ ತಾನಾಗಿಯೇ ಆಫ್ ಆಗಿದೆ. ಅಲ್ಲಿಗೆ ಅಷ್ಟು ಹೊತ್ತಿನ ಕೆಲಸವೂ ಹೋಯಿತು. ಎರಡು ಕೋರಿನ ಹಳೇ ಐ3 ನಿಧಾನಕ್ಕಾದರೂ ಕೆಲಸ ಮುಗಿಸಿಕೊಡುತ್ತಿತ್ತು. ನಾಲ್ಕು ಕೋರಿನ ಈ ಐ7 ಅದನ್ನೂ ಮಾಡುತ್ತಿಲ್ಲ.

ನಿಮ್ಮ ಸಹಾಯವಾಣಿಯವರು ಮೊದಲು ಹೇಳಿದ್ದು, "ಹಳೇ ಪ್ರೊಸೆಸರ್ ಸಾರ್, ಬಿಸಿ ಆಗೇ ಆಗುತ್ತೆ. ಕ್ಯಾಬಿನೆಟ್ಟಿನ ಸೈಡ್ ಬಾಗಿಲು ತೆಗೆದಿಡಿ." ತೆಗೆದಿಟ್ಟೂ ನೋಡಿದೆವು. ಇಳಿದದ್ದು ಎರಡು ಮೂರು ಡಿಗ್ರಿ ಅಷ್ಟೇ. ಕ್ಯಾಬಿನೆಟ್ ಒಳಗಿನ ಬಿಸಿಗಾಳಿಯೇ ಕಾರಣ ಆಗಿದ್ದರೆ ಇನ್ನೂ ಜಾಸ್ತಿ ಇಳಿಯಬೇಕಿತ್ತು, ಅಲ್ವಾ? ಇನ್ನೊಂದು ವಿಷಯ ಗಮನಿಸಿದೆ. ಸ್ಕ್ರೀನ್ ಮೇಲೆ 98 ಡಿಗ್ರಿ ತೋರಿಸುತ್ತಿದ್ದಾಗ ಕೂಲರ್‌ನ (ಬಿಸಿ ಎಳೆದುಕೊಳ್ಳುವ ಲೋಹದ ಹೀಟ್‌ಸಿಂಕ್ ಮತ್ತು ಫ್ಯಾನ್ ಸೇರಿದ್ದು) ಅಲ್ಯೂಮಿನಿಯಂ ರೆಕ್ಕೆಗಳನ್ನು ಮುಟ್ಟಿದರೆ ಬರೀ ಬೆಚ್ಚಗಿದ್ದವು. ಪ್ರೊಸೆಸರ್ ಅಷ್ಟು ಕಾದಿರುವಾಗ ಅದರ ಮೇಲೇ ಕೂತಿರುವ ಹೀಟ್‌ಸಿಂಕ್ ಬೆಚ್ಚಗೆ ಮಾತ್ರ ಇದೆ ಎಂದರೆ ಬಿಸಿ ಅಲ್ಲಿಗೆ ತಲುಪುತ್ತಲೇ ಇಲ್ಲ ಎಂದರ್ಥ.

ಇದನ್ನು ತಿಳಿಸಿದ ಮೇಲೆ ನಿಮ್ಮ ತಂತ್ರಜ್ಞರೇ "ಕೂಲರ್ ಬಿಚ್ಚಿ ಫೋಟೊ ಕಳಿಸಿ" ಎಂದು ಮೆಸೇಜ್ ಮಾಡಿದರು. ಆ ಮೆಸೇಜ್ ನನ್ನ ಹತ್ತಿರ ಇದೆ. ಕಂಡದ್ದನ್ನು ಇಲ್ಲಿ ಹಾಗೇ ಬರೆಯುತ್ತೇನೆ, ಯಾಕೆಂದರೆ ಕಳಿಸಿದ ಫೋಟೊಗಳಿಗೆ ಇದುವರೆಗೆ ಉತ್ತರ ಬಂದಿಲ್ಲ.

ಕೂಲರ್‌ಗೆ ನಾಲ್ಕು ಪುಶ್ ಪಿನ್ ಇವೆ. ಪಿನ್ ಪೂರ್ತಿ ಕೂತರೆ ಅದರ ಬಿಳಿ ತುದಿ ಬೋರ್ಡಿನ ಹಿಂದೆ ಹೊರಬಂದು ಅಗಲಗೊಂಡು ಹಿಡಿದುಕೊಳ್ಳುತ್ತದೆ. ನಮ್ಮ ಬೋರ್ಡಿನಲ್ಲಿ ಮೂರು ಮಾತ್ರ ಹಾಗೆ ಕೂತಿದ್ದವು. ನಾಲ್ಕನೆಯದು ತೂತಿನ ಅಂಚಿನಲ್ಲೇ ನಿಂತಿತ್ತು. ಬಿಚ್ಚುವ ಮೊದಲು ಆ ಮೂಲೆಯನ್ನು ಬೆರಳಲ್ಲಿ ಒತ್ತಿದರೆ ಕೂಲರ್ ಅಲ್ಲಾಡುತ್ತಿತ್ತು. ಬಿಚ್ಚಿ ನೋಡಿದರೆ ಪ್ರೊಸೆಸರ್‌ನ ಮುಚ್ಚಳದ ಮೇಲೆ ಒಂದು ಕಡೆ ಪೇಸ್ಟ್ (ಬಿಸಿಯನ್ನು ಕೂಲರ್‌ಗೆ ದಾಟಿಸಲು ನಡುವೆ ಹಚ್ಚುವ ಥರ್ಮಲ್ ಪೇಸ್ಟ್) ತೆಳ್ಳಗೆ ಹರಡಿತ್ತು. ಅಲ್ಲಾಡುತ್ತಿದ್ದ ಮೂಲೆಯ ಕಡೆ ಪೇಸ್ಟೇ ಇಲ್ಲ, ಕೆತ್ತಿದ ಅಕ್ಷರಗಳನ್ನು ಹಾಗೇ ಓದಬಹುದಿತ್ತು. ಕೂಲರ್‌ನ ತಳದಲ್ಲಿ ಐ3 ಕಾಲದ ಹಳೇ ಪೇಸ್ಟ್ ಒಣಗಿ ಬೂದಿ ಬಣ್ಣದ ಹೆಕ್ಕಳೆಯಾಗಿ ಅಂಟಿಕೊಂಡಿತ್ತು. ಅದನ್ನು ಒರೆಸದೆ ಮೇಲೆಯೇ ಹೊಸದನ್ನು ಹಚ್ಚಿ ಕೂರಿಸಿದ್ದಾರೆ.

ಇದು ಕೈಕೆಲಸದ ತಪ್ಪು. ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ನೀವು ಹಾಕಿರುವುದು ನಮ್ಮ ಐ3 ಜೊತೆ ಇದ್ದ ಅದೇ ಗಿಡ್ಡ ಕೂಲರ್. ತಾಮ್ರವೇ ಇಲ್ಲದ, ಪೂರ್ತಿ ಅಲ್ಯೂಮಿನಿಯಂನದು. ಐ3-2100ರ ಟಿಡಿಪಿ 65 ವ್ಯಾಟ್. ಐ7-2600ರದು 95 ವ್ಯಾಟ್. ಕೂಲರ್ ಎಷ್ಟು ಬಿಸಿಯನ್ನು ಹೊರಹಾಕಲು ತಯಾರಿರಬೇಕು ಅಂತ ಹೇಳುವ ಅಂಕಿ ಅದು. ಹೆಚ್ಚುಕಡಿಮೆ ಒಂದೂವರೆ ಪಟ್ಟು ಬಿಸಿಯನ್ನು ಹಳೇ ಕೂಲರ್ ತಲೆಗೆ ಕಟ್ಟಿದ್ದೀರಿ. ಆ ನಾಲ್ಕನೇ ಪಿನ್ ಸರಿಯಾಗಿ ಕೂತಿದ್ದರೂ ಗಂಟೆಗಟ್ಟಲೆ ರೆಂಡರ್ ಮಾಡುವ ಮೆಷಿನ್‌ಗೆ ಈ ಕೂಲರ್ ಸಾಲದು.

"ಎರಡಕ್ಕೂ ಎಲ್‌ಜಿಎ 1155 ಸಾಕೆಟ್ಟೇ, ಕೂಲರ್ ಬದಲಿಸುವ ಅಗತ್ಯ ಇಲ್ಲ" ಎಂದು ನಿಮ್ಮವರು ವಾದಿಸಿದರು. ಸಾಕೆಟ್ ಅಂದರೆ ಮದರ್‌ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ, 1155 ಅದರ ಮಾದರಿ. ಸಾಕೆಟ್ ಒಂದೇ ಆದರೆ ಪ್ರೊಸೆಸರ್ ಕೂರುತ್ತದೆ. ಬಿಸಿ ಕಡಿಮೆ ಆಗುವುದಿಲ್ಲ. ಈ ಮಾತು ಒಬ್ಬ ಗ್ರಾಹಕನ ಬಾಯಲ್ಲಿ ಬಂದಿದ್ದರೆ ಅರ್ಥ ಮಾಡಿಕೊಳ್ಳಬಹುದಿತ್ತು. ಇದೇ ಕೆಲಸ ಮಾಡುವ ಕಂಪನಿಯಿಂದ ಬಂದಿದ್ದು ಬೇಸರ ತಂದಿದೆ.

"ಹಳೇ ಪ್ರೊಸೆಸರ್" ಎಂಬ ಮಾತನ್ನೂ ಒಪ್ಪಲಾರೆ. 2600 ಬಂದಿದ್ದು 2011ರಲ್ಲಿ, ನಿಜ. ಆದರೆ ಈ ಪೀಳಿಗೆಯಲ್ಲಿ ಒಳಗಿನ ಚಿಪ್‌ಗೂ ಮೇಲಿನ ಲೋಹದ ಮುಚ್ಚಳಕ್ಕೂ ನಡುವೆ ಬೆಸುಗೆ ಇದೆ. ಅಲ್ಲಿ ಪೇಸ್ಟ್ ಬಂದಿದ್ದು ಮುಂದಿನ ಪೀಳಿಗೆಯಲ್ಲಿ, 2012ರಲ್ಲಿ. ಹಾಗಾಗಿ ವಯಸ್ಸಾಗಿ ಒಳಗೆ ಏನೋ ಒಣಗಿದೆ ಎಂಬ ನೆಪ ಇಲ್ಲಿ ನಡೆಯುವುದಿಲ್ಲ. ಮುಚ್ಚಳದವರೆಗೆ ಬಿಸಿ ಚೆನ್ನಾಗಿಯೇ ಬರುತ್ತಿದೆ. ತಡೆ ಇರುವುದು ಅದರ ಮೇಲೆ, ನೀವು ಕೆಲಸ ಮಾಡಿದ ಜಾಗದಲ್ಲಿ.

"98 ಡಿಗ್ರಿವರೆಗೂ ತಡೆಯುತ್ತೆ, ಹೆದರಬೇಡಿ" ಎಂದೂ ಹೇಳಿದರು. 98 ಅನ್ನುವುದು ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ವೇಗ ತಗ್ಗಿಸುವ ಗಡಿ. ದಿನಾ ಅಲ್ಲೇ ಓಡಿಸಿ ಎಂದು ಯಾರೂ ಹೇಳುವುದಿಲ್ಲ. ಮುಚ್ಚಳದ ನಡುಭಾಗಕ್ಕೆ ಇಂಟೆಲ್ ಕೊಟ್ಟಿರುವ ಮಿತಿ 72.6 ಡಿಗ್ರಿ. ಪ್ರೊಸೆಸರ್ ಪದೇ ಪದೇ ವೇಗ ಇಳಿಸಿಕೊಳ್ಳುತ್ತಿದ್ದರೆ ನಾವು ಕೊಂಡ ವೇಗ ನಮಗೆ ಸಿಗುತ್ತಿಲ್ಲ ಎಂದೇ ಲೆಕ್ಕ.

ಈಗ ನಮಗೆ ಬೇಕಾಗಿದ್ದು ಇಷ್ಟು. 95 ವ್ಯಾಟ್ ಅಥವಾ ಅದಕ್ಕೂ ಜಾಸ್ತಿ ತಡೆಯುವ, ತಳದಲ್ಲಿ ತಾಮ್ರ ಇರುವ ಕೂಲರ್ ಅನ್ನು ನಿಮ್ಮ ಖರ್ಚಿನಲ್ಲಿ ಹಾಕಿಕೊಡಿ. ಹಳೇ ಬೋರ್ಡಿಗೆ ಕೂಲರ್ ಸಿಗಲ್ಲ ಅನ್ನುವ ಉತ್ತರ ಬೇಡ. 1155ರಲ್ಲಿ ಕೂಲರ್ ತೂತುಗಳ ನಡುವಿನ ಅಂತರ 75 ಮಿಲಿಮೀಟರ್. 1156, 1150, 1151 ಬೋರ್ಡುಗಳಲ್ಲೂ ಅದೇ ಅಳತೆ.

ಗಾಳಿಯನ್ನು ಬೋರ್ಡಿನ ಕಡೆಗಲ್ಲ, ಪಕ್ಕಕ್ಕೆ ಊದುವ ಎತ್ತರದ ಟವರ್ ಕೂಲರ್ ಹಾಕುವುದಾದರೆ ಒಂದು ಎಚ್ಚರ ಬೇಕು. ನಮ್ಮ ಮದರ್‌ಬೋರ್ಡಿನಲ್ಲಿ ಪ್ರೊಸೆಸರ್‌ಗೆ ವಿದ್ಯುತ್ ಒದಗಿಸುವ ಮಾಸ್‌ಫೆಟ್‌ಗಳ ಮೇಲೆ ಹೀಟ್‌ಸಿಂಕ್ ಇಲ್ಲ. ಕೆಳಮುಖವಾಗಿ ಗಾಳಿ ಊದುವ ಕೂಲರ್ ಇದ್ದಾಗ ಅವಕ್ಕೂ ಸ್ವಲ್ಪ ಗಾಳಿ ತಾಗುತ್ತದೆ. ಟವರ್ ಹಾಕಿದರೆ ಅದು ತಪ್ಪಿಹೋಗುತ್ತದೆ, ಆದರೆ ಆ ಮಾಸ್‌ಫೆಟ್‌ಗಳ ಮೇಲೂ ಈಗ ಮೊದಲಿಗಿಂತ ಹೊರೆ ಜಾಸ್ತಿ. ಹಾಗಾಗಿ ಕೆಳಮುಖದ ಕೂಲರನ್ನೇ ಹಾಕಿ. ಇಲ್ಲವಾದರೆ ಕ್ಯಾಬಿನೆಟ್ ಹಿಂಭಾಗದಲ್ಲಿ ಖಾಲಿ ಇರುವ ಜಾಗಕ್ಕೆ ಬಿಸಿಗಾಳಿ ಹೊರಹಾಕುವ ಫ್ಯಾನ್ ಕೂರಿಸಿ.

ಹಳೇ ಪೇಸ್ಟನ್ನು ಪೂರ್ತಿ ಒರೆಸಿ ಹೊಸದು ಹಚ್ಚಿ. ಆಮೇಲೆ ಸೈಡ್ ಬಾಗಿಲು ಮುಚ್ಚಿ, ಎಲ್ಲ ಕೋರ್‌ಗಳಿಗೂ ಪೂರ್ತಿ ಕೆಲಸ ಕೊಟ್ಟು ಕನಿಷ್ಠ ಅರ್ಧ ಗಂಟೆ ಓಡಿಸಿ. ಕೋರ್‌ಗಳು 80 ಡಿಗ್ರಿಯೊಳಗೆ ಇರಬೇಕು, ವೇಗ 3.4ಕ್ಕಿಂತ ಕೆಳಗೆ ಬೀಳಬಾರದು. ಆ ಪರೀಕ್ಷೆಯ ದಾಖಲೆ ನಮಗೆ ಕೊಡಿ. ಬಿಲ್‌ನಲ್ಲಿ "ಪರೀಕ್ಷೆ" ಎಂದು ಬರೆದಿದ್ದೀರಲ್ಲ, ಮೊದಲ ಸಲ ಏನನ್ನು ಪರೀಕ್ಷೆ ಮಾಡಿದಿರಿ, ಎಷ್ಟು ಡಿಗ್ರಿ ಬಂದಿತ್ತು ಅನ್ನುವುದನ್ನೂ ತಿಳಿಸಿ.

ಇಷ್ಟು ದಿನ 98 ಡಿಗ್ರಿಯಲ್ಲಿ ಬೆಂದ ಪ್ರೊಸೆಸರ್ ಇದು. ಅದರ ವಾರಂಟಿ ಅವಧಿಯನ್ನು ದುರಸ್ತಿ ಆದ ದಿನದಿಂದ ಹೊಸದಾಗಿ ಲೆಕ್ಕ ಹಾಕಿ. ನಿಮ್ಮ ಮೆಸೇಜ್ ನೋಡಿಯೇ ಕೂಲರ್ ಬಿಚ್ಚಿದ್ದೇವೆ, ಅದನ್ನೇ ಕಾರಣ ಮಾಡಿ ವಾರಂಟಿ ನಿರಾಕರಿಸಬಾರದು. ಇದ್ಯಾವುದೂ ಆಗುವುದಿಲ್ಲ ಎಂದಾದರೆ ನಮ್ಮ ಐ3 ಅನ್ನು ವಾಪಸ್ ಹಾಕಿ ಪೂರ್ತಿ ಹಣ ಹಿಂದಿರುಗಿಸಿ.

ಅಕ್ಕನ ಪಾಠಗಳು ನಿಂತಿವೆ, ಮಕ್ಕಳು ಕಾಯುತ್ತಿದ್ದಾರೆ. ಯಾವತ್ತು ಬಂದು ಸರಿಮಾಡುತ್ತೀರಿ ಎಂಬುದನ್ನು ಒಂದು ವಾರದೊಳಗೆ ಬರಹದಲ್ಲೇ ತಿಳಿಸಿ.

ಇಂತಿ,
ನಿಮ್ಮ ಗ್ರಾಹಕ

ಲಗತ್ತು: ಬಿಲ್‌ನ ಪ್ರತಿ, ಕೂಲರ್ ಮತ್ತು ಪ್ರೊಸೆಸರ್‌ನ ಫೋಟೊಗಳು, ತಾಪಮಾನ ತೋರಿಸುವ ಸ್ಕ್ರೀನ್‌ಶಾಟ್‌ಗಳು, ನಿಮ್ಮ ತಂತ್ರಜ್ಞರು ಕಳಿಸಿದ ಮೆಸೇಜ್